ಕತ್ತರಿ ಕೊಡುವ ರೀತಿ

ಎರಡನೇ ಗುಂಡಿ ಈಗಲೋ ಆಗಲೋ ಉದುರುತ್ತದೆ, ಒಂದೇ ಎಳೆಯಲ್ಲಿ ನೇತಾಡುತ್ತಿದೆ, ಇನ್ಸ್‌ಪೆಕ್ಟರು ಉಸಿರೆಳೆದಾಗಲೆಲ್ಲ ಅದೂ ತಲೆಯಾಡಿಸುತ್ತದೆ, ಯಾವ ಪುಣ್ಯಾತ್ಮ ಹೊಲಿದನೋ ಈ ಅಂಗಿ, ಹೆಗಲು ಒಂದು ಕಡೆ ಏರಿದೆ ಇನ್ನೊಂದು ಕಡೆ ಜಾರಿದೆ, ತಮ್ಮ ನೋಡಿದ್ದರೆ ಬಿಚ್ಚಿ ಕೊಡಿ ಸಾರ್ ಎರಡೇ ನಿಮಿಷ ಅಂತಿದ್ದ — ತಮ್ಮ ಆಸ್ಪತ್ರೆಯಲ್ಲಿದ್ದಾನೆ, ಎಡಗೈ ಮಂಚಕ್ಕೆ ಬೇಡಿ ಬಿಗಿದು, ಬಲಗೈ ಪ್ಲಾಸ್ಟರಿನಲ್ಲಿ, ಬಟ್ಟೆ ಕತ್ತರಿಸುವ ಕೈ ಅದು, ಅದರ ಮೂಳೆಗಳನ್ನು ಇವರು ನಿನ್ನೆ ಪುಡಿ ಮಾಡಿದ್ದಾರೆ, ಮಾಡಿ ಇವತ್ತು ಅವನ ಅಕ್ಕನನ್ನು ಠಾಣೆಗೆ ಕರೆಸಿ ಅವಳಿಗೆ ನೀರು ತರಿಸಿಕೊಡುತ್ತಿದ್ದಾರೆ. ಕುಡೀರಮ್ಮ, ಗಾಬರಿ ಬೇಡ. ಗಾಬರಿಯಂತೆ! ಗಾಬರಿಯಿಲ್ಲ ಅವಳಿಗೆ, ಮೈಯೆಲ್ಲ ಉರಿಯುತ್ತಿದೆ, ಆ ನೀರನ್ನು ಇವನ ಮುಖಕ್ಕೇ ಎರಚಿಬಿಡುವಷ್ಟು ಸಿಟ್ಟು. ನೋಡಿ ಅಕ್ಕ, ಕತ್ತರಿ ಹಿಡ್ಕೊಂಡು ನಮ್ಮ ಹುಡುಗರನ್ನ ಚುಚ್ಚೋಕೆ ಬಂದ ಅಂತ ನೀವೇ ಒಂದು ಮಾತು ಹೇಳಿಬಿಡಿ, ಕೈ ಮುರಿದದ್ದಕ್ಕೆ ನಮ್ಮ ಮೇಲೂ ದೂರು ಬರಲ್ಲ, ತಲೆ ಕೆಟ್ಟವನು ಅಂತ ಕೇಸು ಕೈಬಿಡ್ತೀವಿ, ಇಲ್ಲಾಂದ್ರೆ ಕೊಲೆಯತ್ನ, ಜೈಲೇ ಗತಿ, ನಿಮ್ಮಿಷ್ಟ. ಅಕ್ಕನಂತೆ, ಇವನಿಗೆ ಯಾವ ಸೀಮೆ ಅಕ್ಕ ಅವಳು, ಅಕ್ಕ ಅಂತ ಕೂಗುವವನು ಒಬ್ಬನೇ, ಅವನು ನಿನ್ನೆಯಿಂದ ಬಾಯೇ ಬಿಟ್ಟಿಲ್ಲ.

ನಿನ್ನೆ ಸಹಾಯವಾಣಿಗೆ ಫೋನ್ ಮಾಡಿದ್ದು ಅವಳೇ, ಹೌದು, ಆದರೆ ಕೇಳಿದ್ದು ಡಾಕ್ಟರನ್ನು. ತಮ್ಮಂಗೆ ಹುಷಾರಿಲ್ಲ, ನಿದ್ದೆಯಿಲ್ಲ, ಗಿರಾಕಿಗಳ ಬಟ್ಟೆ ಅಂಚೊಳಗೆ ಯಾರೋ ಕದ್ದು ಕೇಳೋಕೆ ಕಿವಿ ಇಟ್ಟು ಹೊಲಿದಿದಾರೆ ಅಂತ ಎಲ್ಲಾ ಬಿಚ್ತಿದಾನೆ, ಯಾರಿಗೂ ಏನೂ ಮಾಡಿಲ್ಲ, ಒಬ್ಬರು ಡಾಕ್ಟರನ್ನ ಕಳಿಸಿ — ಅವನ ಕೈಯಲ್ಲಿ ಏನಿದೆ ಅಂತ ಆ ಕಡೆಯ ಹುಡುಗಿ ಕೇಳಿದಳು, ಟೈಲರ್ ಕೈಯಲ್ಲಿ ಏನಿರುತ್ತೆ, ಕತ್ತರಿ, ಅಂದಳು ಇವಳು, ಅಷ್ಟೇ, ಡಾಕ್ಟರ್ ಬರಲಿಲ್ಲ, ಬೂಟುಗಳು ಬಂದವು. ಹಿಂದೆಯೂ ಅವನಿಗೆ ಹೀಗಾಗಿತ್ತಲ್ಲ, ಆಗೆಲ್ಲ ಅವಳು ಅಂಗೈ ಚಾಚಿ, ಕೊಡು ಮರಿ ಅಂತ ನಿಂತುಬಿಡುತ್ತಿದ್ದಳು, ಬಿಸಿ ಚಹಾ ಆರುವಷ್ಟು ಹೊತ್ತು, ಅವನು ಕೊಡುತ್ತಿದ್ದ. ಇವರಿಗೆಲ್ಲಿಂದ ಬರಬೇಕು ಆ ತಾಳ್ಮೆ. ಕೆಳಗೆ ಹಾಕೋ, ಹಾಕೋ ಕೆಳಗೆ, ಮೂರು ಗಂಟಲು ಒಟ್ಟಿಗೆ. ಕೆಳಗೆ ಹಾಕುವುದೆಂದರೇನು? ಅಪ್ಪನ ಅಂಗಡಿಯಲ್ಲಿ ಕತ್ತರಿ ನೆಲಕ್ಕೆ ಬಿದ್ದರೆ ಬೆನ್ನಿಗೊಂದು ಬೀಳುತ್ತಿತ್ತು, ಬಿದ್ದ ಕತ್ತರಿಯ ಬಾಯಿ ಕೂಡುವುದಿಲ್ಲ, ಬಟ್ಟೆ ಜಗಿಯುತ್ತದೆ, ಕೇಳಿದವರ ಕೈಗೇ ಕೊಡಬೇಕು, ಅಲಗು ನಿನ್ನ ಮುಷ್ಟಿಯಲ್ಲಿ, ಹಿಡಿಕೆ ಅವರ ಕಡೆ — ತಲೆ ಎಷ್ಟು ಕೆಟ್ಟರೂ ಕೈ ಅದನ್ನು ಮರೆತಿರಲಿಲ್ಲ, ಅವನು ಅಲಗನ್ನು ಮುಷ್ಟಿಯಲ್ಲಿ ಮುಚ್ಚಿದ, ಹಿಡಿಕೆಯನ್ನು ಅವರತ್ತ ತಿರುಗಿಸಿದ, ಮುಂದೆ ಬಂದ, ತಗೊಳ್ಳಿ ಅಂದ, ತಗೊಳ್ಳಿ ಸಾರ್, ಬೆರಳು ತೂರಿಸುವ ಆ ಎರಡು ಬಳೆ ಅವರ ಮುಂದೆ, ಖಾಲಿ — ಕೊಡ್ತಿದಾನೆ ಸಾರ್, ಅವನು ಕೊಡ್ತಿದಾನೆ, ಅವಳು ಕಿರುಚಿದ್ದು ಯಾರ ಕಿವಿಗೆ ಬಿತ್ತು, ಮೊದಲ ಏಟು ಮಣಿಕಟ್ಟಿಗೆ, ಆಮೇಲಿನವೆಲ್ಲ ನೆಲಕ್ಕೆ ಬಿದ್ದವನ ಮೇಲೆ.

ಹೇಳಿಬಿಡಲೇ? ಒಂದು ಸುಳ್ಳು, ಬೇಡಿ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಇಡೀ ಬೀದಿಗೆ ಅವನು ಚುಚ್ಚೋಕೆ ಹೋದವನು, ಇವರು ಪಾಪ ಜೀವ ಉಳಿಸಿಕೊಂಡವರು, ಮುಂದಿನ ಸಲ ಇವರು ಬಂದರೆ ಏಟು ಕೈಗಲ್ಲ, ನೇರ ತಲೆಗೇ. ಅವನು ಚುಚ್ಚೋಕೆ ಬರಲಿಲ್ಲ, ಕೊಡೋಕೆ ಬಂದ. ಅಂದೇಬಿಟ್ಟಳು. ಇನ್ಸ್‌ಪೆಕ್ಟರ್ ನಗುತ್ತಾನೆ, ಓಹೋ, ಕೊಡೋಕೆ ಬಂದನಾ, ಹೇಗೆ ಕೊಟ್ಟ ತೋರಿಸಮ್ಮ, ನಾವೂ ಕಲೀತೀವಿ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚೀಲವನ್ನು ಅವಳತ್ತ ತಳ್ಳುತ್ತಾನೆ. ಅಪ್ಪನ ಕತ್ತರಿ, ಹಿಡಿಕೆಯಲ್ಲಿ ತಮ್ಮನ ಹೆಬ್ಬೆರಳು ಸವೆಸಿದ ಜಾಗ. ಅವಳು ಚೀಲ ಹರಿದು ತೆಗೆಯುತ್ತಾಳೆ, ಎದ್ದು ನಿಲ್ಲುತ್ತಾಳೆ, ಅಲಗು ಮುಷ್ಟಿಯಲ್ಲಿ ತಣ್ಣಗೆ, ತಗೊಳ್ಳಿ ಸಾರ್ — ಕುರ್ಚಿ ಕಿರ್ರೆಂದು ಹಿಂದೆ ಸರಿಯುತ್ತದೆ, ಗುಂಡಿ ಉದುರಿ ಎಲ್ಲೋ ಉರುಳುತ್ತದೆ, ನಗು ಹೋಗಿದೆ, ಕೈ ಸೊಂಟದ ಪಿಸ್ತೂಲಿಗೆ ಹೋಗಿದೆ, ಏಯ್, ಕೆಳಗೆ ಹಾಕು, ಹಾಕು ಕೆಳಗೆ — ಹಾಕುವುದಿಲ್ಲ, ಅಂಗೈ ಚಾಚು, ಅಷ್ಟೇ, ಅಂಗೈ ಚಾಚಿದರೆ ಮುಗಿಯಿತು — ಎರಡು ಬಳೆ, ಅವನ ಕಡೆಗೆ, ಖಾಲಿ, ಎರಡು ಬಳೆ