ಬೈಲಪ್ಪನ ತೋಟದ ಬೆಳ್ಳಕ್ಕಿಗಳು

ಇನ್ನೊಂದು ಹಿಡಿ ಕಡ್ಲೆಪುರಿ ಎರಚಿ ಕೆಂಪರಾಜು ಹುಣಸೆಮರದತ್ತ ಕತ್ತೆತ್ತಿದ. ಎರಡು ಕಾಗೆ ಇಳಿದವು. ಒಂದು ಕುಕ್ಕಿ ನೋಡಿ, ರುಚಿಸದೆ, ಹೊಸ ಬಣ್ಣ ಬಳಿದ ಬೆಂಚಿನ ಮೇಲೆ ಹಿಕ್ಕೆ ಹಾಕಿ ಹಾರಿಹೋಯಿತು.

"ಅಪ್ಪಾ, ಬೆಳ್ಳಕ್ಕಿ ಏನು ಭಜನೆಗೆ ಬಂದಿರೋ ಜನಾನಾ, ಪುರಿ ಹಂಚ್ತಿದೀಯ?" ಗೇಟಿಗೆ ಚೆಂಡುಹೂ ಕಟ್ಟುತ್ತಿದ್ದ ಮಗಳು ಸಿಂಚನ ನಕ್ಕಳು. "ಇನ್ನೇನು ಉದ್ಘಾಟನೆಗೆ ಎಂಎಲ್‌ಎ ಬರ್ತಾರೆ. ಕಾಗೆ ತೋರಿಸಿ ಪಕ್ಷಿಧಾಮ ಅಂತೀಯಾ?"

"ಸುಮ್ನಿರೇ," ಎಂದ.

ಗೇಟಿನ ಪಕ್ಕದ ಕಲ್ಲಿನಲ್ಲಿ ಅವನೇ ಕೆತ್ತಿಸಿದ್ದ ಸಾಲು ಬಿಸಿಲಿಗೆ ಹೊಳೆಯುತ್ತಿತ್ತು: 'ಪಕ್ಷಿಪ್ರೇಮಿ ದಿವಂಗತ ಬೈಲಪ್ಪನವರು ಹಕ್ಕಿಗಳಿಗಾಗಿ ತಮ್ಮ ಸೀಬೆ ತೋಟವನ್ನೇ ಬಿಟ್ಟುಕೊಟ್ಟರು.' ಆ ಬೈಲಪ್ಪ, ಅಂದರೆ ಕೆಂಪರಾಜುವಿನ ಅಪ್ಪ, ಹಕ್ಕಿ ಕಂಡರೆ ತಗಡಿನ ಡಬ್ಬ ಬಡಿಯುತ್ತಾ ಓಡುತ್ತಿದ್ದ ಆಸಾಮಿ. ಸೀಬೆಗೆ ಒಳ್ಳೆ ಗೊಬ್ಬರ ಎಂದು ಪಕ್ಕದೂರು ವಿಜಯಪುರದ ಸನಾವುಲ್ಲಾನಿಂದ ಹುಳು ತರಿಸಿಕೊಂಡವನೂ ಅವನೇ. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳು. ಸನಾವುಲ್ಲಾ ದಿನಾ ಒಂದು ಪುಟ್ಟಿ ತಂದು ತೋಟದ ನೀರಿನ ಕುಂಟೆಯ ಪಕ್ಕದ ಗುಂಡಿಗೆ ಸುರಿದು ಹೋಗುತ್ತಿದ್ದ. ಹುಳು ಮರಕ್ಕೆ ದಕ್ಕುವ ಮೊದಲೇ ಬೆಳ್ಳಕ್ಕಿಗೆ ದಕ್ಕಿತು, ಹದ್ದಿಗೆ ದಕ್ಕಿತು. ತಿಂದ ಹಕ್ಕಿಗಳು ಹುಣಸೆಮರದಲ್ಲೇ ಗೂಡು ಕಟ್ಟಿದವು. ಹಣ್ಣಿನ ಮೇಲೆಲ್ಲ ಹಿಕ್ಕೆ. ಡಬ್ಬ ಬಡಿದು ಬಡಿದು ಕೈಸೋತ ಬೈಲಪ್ಪ ಒಂದು ದಿನ "ಹಾಳಾಗ್ಹೋಗ್ಲಿ, ತಿಂದ್ಕೊಂಡ್ ಸಾಯ್ಲಿ" ಎಂದು ಡಬ್ಬವನ್ನೇ ಎಸೆದ. ಬಿಟ್ಟುಕೊಟ್ಟದ್ದು ಅಂದರೆ ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಕೆಂಪರಾಜು ತೋಟವನ್ನು ಪಕ್ಷಿಧಾಮಕ್ಕೆಂದು ಪಂಚಾಯಿತಿಗೆ ಬರೆದುಕೊಟ್ಟ. ಆಸೆಯೇನೂ ಕೆಟ್ಟದಿರಲಿಲ್ಲ: ಅಪ್ಪನ ಹೆಸರು ನಾಲ್ಕು ಜನರ ಬಾಯಲ್ಲಿ ಉಳಿಯಲಿ. ಆದರೆ ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬಂದವರು ಗುಂಡಿಯ ಬಳಿ ಮೂಗು ಮುಚ್ಚಿಕೊಂಡಾಗ ಅವನಿಗೆ ಏನಾಯಿತೋ. ಅದೇ ಹೊತ್ತಿಗೆ ಪುಟ್ಟಿ ಹೊತ್ತು ಬಂದ ಸನಾವುಲ್ಲಾನಿಗೆ ಎಲ್ಲರೆದುರು, "ಇದು ಪಕ್ಷಿಧಾಮ ಕಣಯ್ಯಾ, ನಿಮ್ಮ ಗಲೀಜು ಸುರಿಯೋ ತಿಪ್ಪೆ ಅಲ್ಲ" ಅಂದುಬಿಟ್ಟ. ಅಲ್ಲಿಯವರೆಗೆ ಭಾಯ್ ಎನ್ನುತ್ತಿದ್ದವನು. ಸನಾವುಲ್ಲಾ ತುಂಬಿದ ಪುಟ್ಟಿಯನ್ನು ಹಾಗೇ ವಾಪಸ್ ಹೊತ್ತುಕೊಂಡು ಹೋದ. ಗುಂಡಿ ಮುಚ್ಚಿ, ಮೇಲೆ ಸಿಮೆಂಟಿನ ಬಿಲ್ಲೆ ಹಾಸಿ, ಬೆಂಚು ಇಟ್ಟರು. ಬೆಳ್ಳಕ್ಕಿಗಳು ಒಂದೊಂದಾಗಿ ಕಾಣೆಯಾದವು.

ಉಳಿದ ಕಡ್ಲೆಪುರಿ ಅಲ್ಲೇ ಬಿಟ್ಟು ಕೆಂಪರಾಜು ಟಿವಿಎಸ್ ಹತ್ತಿದ.

ವಿಜಯಪುರದ ಅಂಚಿನಲ್ಲಿ ಸನಾವುಲ್ಲಾನ ನೂಲು ಬಿಚ್ಚುವ ಶೆಡ್ಡು. ಬೀದಿಯ ತಿರುವಿನಲ್ಲೇ ಕೆಂಪರಾಜುವಿನ ಕಾಲು ತಾನಾಗಿ ಬ್ರೇಕು ಒತ್ತಿತು. ಶೆಡ್ಡಿನ ಕಾಂಪೌಂಡಿನ ಉದ್ದಕ್ಕೂ ಬೆಳ್ಳಕ್ಕಿಗಳು ಕುಳಿತಿದ್ದವು, ಒಗೆದ ಪಂಚೆ ಹರವಿದ ಹಾಗೆ.

"ಬನ್ನಿ ಕೆಂಪಣ್ಣ," ಸನಾವುಲ್ಲಾನ ಹೆಂಡತಿ ಫಕ್ರುನ್ನೀಸಾ ಬಾಗಿಲಲ್ಲೇ ನಿಂತಿದ್ದಳು. "ನಿಮ್ಮೋರೆಲ್ಲ ಇಲ್ಲೇ ಇದಾರೆ. ಅಕ್ಕಪಕ್ಕದೋರ ಹತ್ರ ದಿನಾ ಬೈಸ್ಕೊಳ್ತಾ ಸಾಕ್ತಾ ಇದೀವಿ."

ಹಬೆಯೊಳಗಿಂದ ಸನಾವುಲ್ಲಾ ಕೈ ಒರೆಸಿಕೊಳ್ಳುತ್ತಾ ಬಂದ. ಕೂತ್ಕೊಳ್ಳಿ ಎನ್ನಲಿಲ್ಲ.

"ಭಾಯ್, ಇವತ್ತೊಂದಿನ," ಎಂದ ಕೆಂಪರಾಜು. "ಒಂದು ಪುಟ್ಟಿ ಹುಳ. ಹಿಂದ್ಗಡೆ ಬೇಲಿ ಸರಿಸಿರ್ತೀನಿ. ಜನ ಸೇರೋಕ್ಮುಂಚೆ ಸುರಿದು ಬಂದ್ಬಿಟ್ರೆ..."

"ಹಿಂದ್ಗಡೆ ಬೇಲಿಯಿಂದ," ಎಂದ ಸನಾವುಲ್ಲಾ.

"ಮುಂದಿನ ಗೇಟಲ್ಲಿ ಗಲೀಜು, ಹಿಂದಿನ ಬೇಲೀಲಿ ಪ್ರಸಾದಾನಾ?" ಎಂದಳು ಫಕ್ರುನ್ನೀಸಾ.

ಕೆಂಪರಾಜು ಕೆಳಗೆ ನೋಡಿದ. ಕಾಲ ಬಳಿ ಒಂದು ಬೆಳ್ಳಕ್ಕಿ ಹೆದರಿಕೆಯೇ ಇಲ್ಲದೆ ಓಡಾಡುತ್ತಿತ್ತು.

"ಹಕ್ಕಿ ಮೇಲೆ ನಂಗೇನು ಸಿಟ್ಟಿಲ್ಲ," ಸನಾವುಲ್ಲಾ ಪುಟ್ಟಿ ತುಂಬಿಸತೊಡಗಿದ. "ಹುಳ ತಗೊಂಡ್ಹೋಗಿ. ಆದ್ರೆ ನೀವೇ ಹೊತ್ಕೊಂಡ್ಹೋಗ್ಬೇಕು, ಮುಂದಿನ ಗೇಟಿಂದ. ಪುಟ್ಟಿ ವಾಪಸ್ ಬೇಕು. ನಾನು ಹಿಂದೇನೇ ಬರ್ತೀನಿ."

ದಾರಿಯುದ್ದಕ್ಕೂ ಬೆಳ್ಳಕ್ಕಿಗಳು ಟಿವಿಎಸ್ಸಿನ ಮೇಲೇ ಹಾರಿಬಂದವು. ಗದ್ದೆ ಬದುವಿನಲ್ಲಿದ್ದವರು ನಿಂತು ನೋಡಿದರು. ತೋಟ ತಲುಪುವಷ್ಟರಲ್ಲಿ ಎಂಎಲ್‌ಎ ಬಂದಾಗಿತ್ತು. ಪುಟ್ಟಿಯನ್ನು ತಲೆಯ ಮೇಲೆ ಹೊತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಹುಳದ ನೀರು ಇಳಿಸಿಕೊಳ್ಳುತ್ತಾ ಕೆಂಪರಾಜು ಚೆಂಡುಹೂವಿನ ಕೆಳಗೆ ನಡೆದ. ಜನ ದಾರಿ ಬಿಟ್ಟರು, ಗೌರವಕ್ಕಲ್ಲ. ಕುಂಟೆಯ ದಂಡೆಯಲ್ಲಿ ಪುಟ್ಟಿ ಬೋರಲು ಹಾಕಿದ್ದೇ ತಡ, ಹಕ್ಕಿಗಳು ಬೆಳ್ಳಗೆ ಇಳಿದವು. ಕ್ಯಾಮೆರಾಗಳು ಕ್ಲಿಕ್ ಕ್ಲಿಕ್ ಎಂದವು.

"ಏನ್ರೀ ಇದು ವಾಸನೆ?" ಎಂಎಲ್‌ಎ ಕರ್ಚೀಫು ಹಿಡಿದರು.

"ಸಾವಯವ ಗೊಬ್ಬರ ಸಾರ್. ಮನೇಲೇ ಮಾಡಿದ್ದು."

ಬಾಯಿಂದ ಬಿದ್ದದ್ದು ತನ್ನದೇ ಮಾತೇ ಎಂದು ಕೆಂಪರಾಜುವಿಗೇ ಅನುಮಾನವಾಯಿತು. ಸಿಂಚನ ಅಪ್ಪನ ಮುಖ ನೋಡಿದಳು. ಈ ಸಲ ನಗಲಿಲ್ಲ. ಹತ್ತು ಹೆಜ್ಜೆ ಆಚೆ, ಗೇಟಿನ ಹೊರಗೆ, ಸನಾವುಲ್ಲಾ ಸ್ಕೂಟರಿಗೆ ಒರಗಿ ಪುಟ್ಟಿಗಾಗಿ ಕಾಯುತ್ತಿದ್ದ.

ಎಂಎಲ್‌ಎ ಮೈಕು ಹಿಡಿದು, ಬೈಲಪ್ಪನಂಥ ಪಕ್ಷಿಪ್ರೇಮಿ ಈ ನೆಲದಲ್ಲಿ ಹುಟ್ಟಿದ್ದು ನಮ್ಮ ಪುಣ್ಯ ಎಂದರು. ಮಗನಿಗೆ ಶಾಲು ಹೊದಿಸಿದರು. ಚಪ್ಪಾಳೆ. ಶಾಲಿನೊಳಗೆ ಕೆಂಪರಾಜುವಿಗೆ ತನ್ನ ಮೈಯದೇ ನಾತ ಹೊಡೆಯಿತು, ಹುಳದ ನಾತವೊಂದೇ ಅಲ್ಲ. ಇನ್ನು ಕೂರಲಾಗಲಿಲ್ಲ. ವೇದಿಕೆ ಇಳಿದು, ಖಾಲಿ ಪುಟ್ಟಿ ಎತ್ತಿಕೊಂಡು ಗೇಟಿಗೆ ಬಂದ. ಪುಟ್ಟಿ ಕೊಟ್ಟ ಮೇಲೆ ಶಾಲು ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದ.

"ಇದು ನಿಮ್ದು ಭಾಯ್. ಒಳಗೆ ಬನ್ನಿ. ವೇದಿಕೆ ಮೇಲೆ ಕೂರಿಸ್ತೀನಿ, ಮೈಕಲ್ಲಿ ಎಲ್ಲಾ ಹೇಳ್ಬಿಡ್ತೀನಿ. ಕಲ್ಲಲ್ಲೂ ನಿಮ್ಮೆಸ್ರು ಹಾಕಿಸ್ತೀನಿ."

ಸನಾವುಲ್ಲಾ ಪುಟ್ಟಿಯನ್ನು ಸ್ಕೂಟರಿನ ಹಿಂದೆ ಹಗ್ಗದಿಂದ ಬಿಗಿದ. ಗಂಟು ಎಳೆದು ನೋಡಿದ.

"ಬೇಡ," ಎಂದ. "ನಾನು ಬರಲ್ಲ."