ಮಾರುವವನು ನಿಮ್ಮವನಲ್ಲ

ಗಾಜಿನ ಮೇಲೊಂದು ನೊಣ, ಒಳಗಿದೆಯೋ ಹೊರಗಿದೆಯೋ, ಅವಳು ಬೆರಳು ಚಾಚಿದಳು, ಹೊರಗಿದೆ — ಕಾರು ಇನ್ನೂ ವಕೀಲರ ಕಚೇರಿಯ ಮುಂದೆಯೇ ನಿಂತಿದೆ, ಗಂಡ ಕೀಲಿ ತಿರುಗಿಸುತ್ತಿಲ್ಲ, ಎಂಥ ತೀರ್ಪು ಇದು, ನೋಡಿಯಮ್ಮ, ಕಾರು ಮಾರುವವನು ಸಾಲ ಕೊಡಿಸಿದ ಮಾತ್ರಕ್ಕೆ ನಿಮ್ಮ ಹಿತ ಕಾಯಬೇಕಾದವನಲ್ಲ ಅಂತ ಮೇಲಿನ ಕೋರ್ಟು ಹೇಳಿಬಿಟ್ಟಿದೆ, ಆಗಲೇ ಒಳಗೆ ವಕೀಲರು ಕನ್ನಡಕ ಒರೆಸುತ್ತ ಅಂದಿದ್ದರು, ಆದರೆ ಸಾಲದ ಕಂಪನಿ ಅವನಿಗೆ ಕೊಟ್ಟ ಕಮಿಷನ್ ಅತಿಯಾಗಿದ್ದು, ಅದನ್ನ ಮುಚ್ಚಿಟ್ಟಿದ್ದರೆ ವ್ಯವಹಾರವೇ ಅನ್ಯಾಯದ್ದು ಅನ್ನಬಹುದು, ಅದೊಂದು ಬಾಗಿಲು ತೆರೆದಿದೆ, ನಾಳೆ ಕಟಕಟೆಯಲ್ಲಿ ನಿಂತು ಹೇಳ್ತೀರಾ — ಹಿತ ಕಾಯಬೇಕಾದವನಲ್ಲವಂತೆ, ಹಾಗಾದರೆ ಆ ಕಾರು ಮಾರಿದವನು ಬಾಯಿ ತುಂಬ ಅಕ್ಕಾ ಅಂದದ್ದು ಯಾಕೆ, ನಿಮಗೋಸ್ಕರ ನಾಲ್ಕು ಕಂಪನಿ ಹತ್ರ ಜಗಳ ಆಡಿದೀನಿ ಅಕ್ಕಾ, ಇದಕ್ಕಿಂತ ಕಡಿಮೆ ಬಡ್ಡಿ ಎಲ್ಲೂ ಸಿಗಲ್ಲ, ಆಡಿರುತ್ತಾನೆ, ಬಡ್ಡಿ ಏರಿದಷ್ಟೂ ತನ್ನ ಕಮಿಷನ್ ಏರುವುದಾದರೆ ಯಾರು ಆಡುವುದಿಲ್ಲ, ಅವಳೋ, ಕಾರಿನ ಬೆಲೆಗೆ ಗಂಟಲು ಒಣಗುವಷ್ಟು ಚೌಕಾಸಿ ಮಾಡಿ, ಸೀಟಿನ ಹೊದಿಕೆ ಪುಕ್ಕಟೆ ಗಿಟ್ಟಿಸಿ, ಗೆದ್ದೆ ಅಂತ ಬೀಗಿದವಳು, ಬಡ್ಡಿಯ ಬಗ್ಗೆ ತುಟಿ ಬಿಚ್ಚಲಿಲ್ಲ, ಬೆಲೆ ಅಂಗಡಿಯವನದು, ಬಡ್ಡಿ ಸಾಲ ಕೊಡುವವರದು, ಅದಕ್ಕೆ ಚೌಕಾಸಿ ಮಾಡುವುದು ಮರ್ಯಾದೆಯಲ್ಲ ಅಂದುಕೊಂಡಿದ್ದಳು, ಮರ್ಯಾದೆಯಂತೆ — ಬಿಟ್ಟುಬಿಡೇ, ಗಂಡ ಹೇಳುತ್ತಾನೆ, ಇಷ್ಟು ಓದಿದೀರಿ, ಕಣ್ಣೆಲ್ಲಿತ್ತು ಅಂತ ಅವರ ಕಡೆ ವಕೀಲರು ಎಲ್ಲರೆದುರು ಕೇಳ್ತಾರೆ, ಸೋತರೆ ಅವರ ಖರ್ಚೂ ನಮ್ಮ ತಲೆಗೇ, ಆಮೇಲೆ ಈ ಗಾಡಿ ಮಾರಿ ನಿಮ್ಮಮ್ಮನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀಯಾ, ಹೌದು, ಅಮ್ಮನಿಗಾಗಿಯೇ ಕೊಂಡದ್ದು, ಬಸ್ಸಿನ ಮೆಟ್ಟಿಲಲ್ಲಿ ಅಮ್ಮ ಕುಸಿದ ವಾರ, ಅದನ್ನೂ ಆ ಮಾರುವವನ ಮುಂದೆ ಹೇಳಿಕೊಂಡಿದ್ದಳು, ನಮ್ಮಮ್ಮನೂ ಹಾಗೇ ಅಕ್ಕಾ ಅಂದ, ತಲೆ ತೂಗಿದ, ಸಾಲದ ಲೆಕ್ಕ ಮೂಡಿದ್ದ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ, ಬಿಸಿಲು ಬಿದ್ದು ನಿಮ್ಮ ಕಣ್ಣಿಗೆ ಹೊಡೀತಿದೆ ಅಕ್ಕಾ ಅಂದ, ಅವಳು ಥ್ಯಾಂಕ್ಸ್ ಅಂದಳು, ಥ್ಯಾಂಕ್ಸ್, ನಾಲಿಗೆ ಸೀದು ಹೋಗಬಾರದೇ — ಕಮಿಷನ್ ವಿಷಯ ಗೊತ್ತಿದ್ದರೆ ಸಹಿ ಹಾಕುತ್ತಿರಲಿಲ್ಲ ಅಂತ ನಾಳೆ ಕಟಕಟೆಯಲ್ಲಿ ಅನ್ನಬೇಕಂತೆ, ಆ ವಾರ ಯಾವುದಕ್ಕಾದರೂ ಹಾಕುತ್ತಿದ್ದಳೋ ಏನೋ, ಸುಳ್ಳು ಹೇಳಲಾರಳು, ಆದರೆ ಹಾಕುವ ಮೊದಲು ಕೇಳುತ್ತಿದ್ದಳು, ಇದರಲ್ಲಿ ನಿನಗೆಷ್ಟಪ್ಪಾ ಅಂತ, ಆ ಒಂದು ಪ್ರಶ್ನೆಯನ್ನು ಅವಳಿಂದ ಕದ್ದಿದ್ದಾನೆ, ಅಷ್ಟನ್ನು ಹೇಳಬಹುದು, ಅಷ್ಟು ನಿಜ — ಗಾಡಿ ತೆಗೀರಿ, ನಾಳೆ ನಾನು ಹೋಗೋದೇ, ಅಂದಳು, ಕಣ್ಣೆಲ್ಲಿತ್ತು ಅಂತ ಕೇಳಲಿ, ಇಲ್ಲೇ ಇತ್ತು, ನೋಡುತ್ತಲೇ ಇತ್ತು, ಪರದೆಯ ಅಂಚಿನಲ್ಲಿ ಅವನ ಎರಡು ಬೆರಳು, ಉಗುರು ಒಪ್ಪವಾಗಿ ಕತ್ತರಿಸಿದ ಎರಡು ಬೆರಳು, ಮೆಲ್ಲಗೆ, ಮಗುವಿನ ಮುಖ ತಿರುಗಿಸುವಷ್ಟು ಮೆಲ್ಲಗೆ —