ಸಿನ್ನರಿನ ಶನಿವಾರ

2024ರ ಆಗಸ್ಟ್ 11, ಭಾನುವಾರ, ಬೆಳಗ್ಗೆ 9 ಗಂಟೆ 20 ನಿಮಿಷ. ಹಿಂದಿನ ಸಂಜೆ ತೀರಿಕೊಂಡ ಗಂಡನ ಪಾದಕ್ಕೆ ನೀರು ಹಾಕಲು ತಂಬಿಗೆ ಎತ್ತಿದ ರಾಧಾಬಾಯಿಯವರ ಕೈ, ಬಾಗಿಲಲ್ಲಿ ನಿಂತ ಹೆಂಗಸನ್ನು ಕಂಡು ಅಲ್ಲೇ ತಡೆದು ನಿಂತಿತು. ನಾಸಿಕದ ಈ ಫ್ಲ್ಯಾಟಿಗೆ ಅವಳು ಎಂದೂ ಬಂದಿರಲಿಲ್ಲ. ಆದರೂ ಸೀರೆಯ ಅಂಚಿನ ಕೆಳಗೆ ಬಾತು ನಿಂತ ಎಡಗಾಲು ನೋಡಿದರೆ ಸಾಕಿತ್ತು. ಸಿನ್ನರಿನ ಚಂದ್ರಕಲಾ.

“ನಿನ್ನೆ ಸಾಹೇಬರ ದಾರಿ ನೋಡಿದೆ. ಫೋನ್ ಮಾಡಿದಾಗ ತಿಳೀತು,” ಎಂದಳು ಮರಾಠಿಯಲ್ಲಿ. “ಒಮ್ಮೆ ಅವರ ಕಾಲು ತೊಳೀತೀನಿ, ಅಕ್ಕಾ.”

“ಅಗ ಬಾಯಿ, ದೂರ ನಿಲ್ಲು!” ನಾದಿನಿ ವಸುಧಾ ಅಡ್ಡ ಬಂದರು. “ಆನೆಕಾಲು ಅದು! ಮುಟ್ಟಿದರ ಎಲ್ಲಾರಿಗೂ ಅಂಟತದ. ವೈನಿ, ನೀವರ ಹೇಳ್ರಿ.”

ಅಂಟುವುದಿಲ್ಲವೆಂದು ರಾಧಾಬಾಯಿಯವರಿಗೆ ಗೊತ್ತಿತ್ತು. ಸುಮ್ಮನಿದ್ದರೆ ಆ ಹೆಂಗಸು ತಾನಾಗಿ ಹೋಗುತ್ತಾಳೆಂಬುದೂ ಗೊತ್ತಿತ್ತು.

*

ಗಂಡ ನರಹರಿ ಆನೆಕಾಲು ರೋಗದ ತಪಾಸಣೆಯ ಸರ್ಕಾರಿ ನೌಕರಿಯಲ್ಲಿದ್ದವರು. ನಿವೃತ್ತರಾದ ಮೇಲೂ ಶನಿವಾರ ಸಂಜೆ ಸೋಪು, ಟವೆಲ್ಲು ಚೀಲಕ್ಕೆ ಹಾಕಿ ಹತ್ತಿರದ ಊರಾದ ಸಿನ್ನರಿಗೆ ಹೊರಡುತ್ತಿದ್ದರು. ಒಮ್ಮೆ ರಾಧಾಬಾಯಿ ಬೇರೆ ಬಸ್ಸು ಹಿಡಿದು ಹಿಂದೆಯೇ ಹೋದರು. ತೆರೆದ ಬಾಗಿಲಲ್ಲಿ ಕಂಡಿತು: ಗಂಡ ನೆಲದ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಸಂದುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಆಮೇಲೆ ಟೇಪು ಸುತ್ತಿ ಬಾವು ಅಳೆದರು.

ತಮ್ಮ ಒಡೆದ ಹಿಮ್ಮಡಿಯನ್ನು ಈ ಮನುಷ್ಯ ಒಂದು ದಿನವಾದರೂ ನೋಡಿದ್ದುಂಟೇ?

“ಮುಟ್ಟಿದರ ಬರೂದಲ್ಲ ಅದು,” ಎಂದಿದ್ದರು ನರಹರಿ ಮನೆಗೆ ಬಂದು. “ಸೊಳ್ಳಿ ಒಬ್ಬರ ರಕ್ತದಾಗಿನ ಎಳೆಹುಳ ಹೀರತದ. ಅವು ಸೊಳ್ಳಿ ಮೈಯಾಗ ಬಲಿತು, ಅದು ಮತ್ತೊಬ್ಬರನ್ನ ಕಚ್ಚಿದಾಗ ಒಳಗ ಇಳೀತಾವ. ವರ್ಷಗಟ್ಟಲೆ ಮನಿ ಮಾಡಿಕೊಂಡಿರ್ತಾವ. ಇಟ್ಟುಕೊಂಡವರಿಗೇ ಗೊತ್ತಾಗೂದಿಲ್ಲ.”

“ನನಗ ಗೊತ್ತಾಗೇದ ಬಿಡ್ರಿ,” ಎಂದಿದ್ದರು ರಾಧಾಬಾಯಿ. “ನನ್ನ ಮನ್ಯಾಗ ಹೊಕ್ಕಾಕಿ ಯಾರಂತ.”

*

ಚಂದ್ರಕಲಾ ವಾದಿಸಲಿಲ್ಲ. ತಿರುಗಿ, ಕಂಬಿ ಹಿಡಿದು, ಆ ಭಾರದ ಕಾಲನ್ನು ಮೊದಲ ಮೆಟ್ಟಿಲಿಗೆ ಇಳಿಸಿದಳು. ಬೆರಳಸಂದುಗಳು ಒಣಗಿ ಶುಭ್ರವಾಗಿದ್ದವು. ಗಂಡನ ಕೈಕೆಲಸ.

“ಮುಟ್ಟಿದರ ಬರೂದಲ್ಲ ಅದು,” ಎಂದುಬಿಟ್ಟರು ರಾಧಾಬಾಯಿ. ವಸುಧಾ ಪಕ್ಕಕ್ಕೆ ಸರಿದರು. “ಒಳಗ ಬಾ. ಎಡಗಾಲು ನೀ ತೊಳಿ. ಬಲಗಾಲು ನಂದು.”

ಸಂಭಾಜಿನಗರದಿಂದ ಮಗ ಉತ್ಕರ್ಷ ಬರುವ ತನಕ ಹೆಣ ಎತ್ತುವಂತಿರಲಿಲ್ಲ. ಇಬ್ಬರೂ ಅವಸರವಿಲ್ಲದೆ ತೊಳೆದರು. ಚಂದ್ರಕಲಾ ಒಂದೊಂದೇ ಬೆರಳಸಂದು ಒರೆಸುವುದನ್ನು ನೋಡಿ, ರಾಧಾಬಾಯಿ ತಮ್ಮ ಪಾಲಿನ ಕಾಲನ್ನು ಎರಡು ಸಲ ಒರೆಸಿದರು. ಆಮೇಲೆ ಗೂಟಕ್ಕಿದ್ದ ಗಂಡನ ಅಂಗಿಯ ಜೇಬಿನಿಂದ ಟೇಪು ತೆಗೆದರು.

“ಕಾಲು ಚಾಚು.”

ಪಾದದ ಗಂಟಿನ ಮೇಲೆ ಸುತ್ತಿದರು. ಚಂದ್ರಕಲಾ ನೋವಿಗೆ ಮುಖ ಕಿವುಚಿದಳು. ರಾಧಾಬಾಯಿ ಟೇಪನ್ನು ಇನ್ನಷ್ಟು ಬಿಗಿದು, ಆಮೇಲೆ ತುಸು ಸಡಿಲಿಸಿ, ಅಂಕಿ ಓದಿದರು: ಮೂವತ್ತನಾಲ್ಕು ಸೆಂಟಿಮೀಟರ್.